ಕುದ್ರಿಗೆ ಬೆಲ್ಲ ತಿನ್ನಿಸೂದು ಪುಣ್ಯ ಅಲ್ಲ

🐴 ಭಾಗ 1/5
ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಅದ. ನಮ್ಮ ಕಡೆ ಈಗ ಕುದ್ರಿ ಕಂಡ್ರ ಕೈ ತುರಸ್ತದ. ಮಾಣಿಕನಗರ, ಹುಮನಾಬಾದ, ಬಸವಕಲ್ಯಾಣ, ಎಲ್ಲೇ ಮದುವಿ ಮೆರವಣಿಗಿ ಹೊಂಟ್ರೂ ಒಬ್ಬ ಬೆಲ್ಲ, ಒಬ್ಬ ಚಪಾತಿ, ಇನ್ನೊಬ್ಬ ಪೇಢೆ ಅದರ ಬಾಯಿಗೆ ಇಡ್ತಾನ. ಬಾಜೂಕ ಒಬ್ಬ ರೀಲ್ಸ್ ಮಾಡ್ತಾನ. ನೇರ ಹೇಳ್ತೀನಿ: ವಯಸ್ಸಾದ ಕುದ್ರಿಗೆ ಅದು ಪ್ರೀತಿ ಅಲ್ಲ, ಹೊಟ್ಟಿಶೂಲಿಗೆ ಕೊಟ್ಟ ಆಮಂತ್ರಣ.

🐴 ಭಾಗ 2/5
"ಒಂದು ತುಂಡಿಗೆ ಏನಾಗ್ತದ?" ನಿಮ್ಮದು ಒಂದೇ ತುಂಡು, ಖರೇ. ಆದ್ರ ಮೆರವಣಿಗಿಯೊಳಗ 50 ಮಂದಿ ಹಂಗೇ ಅಂದ್ರ 50 ತುಂಡು! ಅಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಯೂದು ಬರೀ 8ರಿಂದ 15 ಲೀಟರ್. ಹೆಚ್ಚಾದ್ರ ವಾಂತಿ ಮಾಡಿ ಹೊರಗ ಹಾಕಾಕ ಕುದ್ರಿಗೆ ಆಗೂದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ಹಿಟ್ಟು, ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುಳಿ ಬರುತ್ತದೆ. ಗ್ಯಾಸು, ಆಮ್ಲ, ನೋವು. ಕೆಲವೊಮ್ಮೆ ಗೊರಸಿನ ಒಳಗೂ ಉರಿ ಏರಿ ಕುದ್ರಿ ನಿಲ್ಲಲಾರದಂಗ ಆಗ್ತದ.

🐴 ಭಾಗ 3/5
"ವಯಸ್ಸಾಯ್ತು, ಸೊರಗೂದು ಸಹಜ." ಈ ಮಾತಿಗಂತೂ ನನಗ ಸಿಟ್ಟು ಬರ್ತದ. ಬರೀ ವಯಸ್ಸಿಗೆ ಎಲುಬು ಕಾಣೂದಿಲ್ಲ, ಹಲ್ಲು ನೋಡ್ರಿ. 20 ದಾಟಿದ ಕುದ್ರಿಯ ದವಡೆಹಲ್ಲು ಸವೆದಿರ್ತಾವ, ಇಲ್ಲಾ ಅಂಚು ಚೂಪಾಗಿ ಕೆನ್ನಿ ಕೊರಿತಾವ. ಮೇವು ಅರ್ಧ ಅಗಿದು ಉಂಡಿ ಮಾಡಿ ಉಗುಳಿದ್ರ ಅದಕ್ಕ ಸೊಕ್ಕಲ್ಲ, ಬಾಯಿ ನೋವು. ಅಂಥ ಬಾಯಿಗೆ ಗಟ್ಟಿ ಜ್ವಾಳದ ಕಣಕಿ ಹಾಕಿದ್ರ ಒಂದೋ ಗಂಟಲದಾಗ ಸಿಗ್ತದ, ಇಲ್ಲಾ ಕರುಳಿನ್ಯಾಗ ಗಟ್ಟಿಯಾಗಿ ಕಟ್ತದ.

🐴 ಭಾಗ 4/5
ಹಂಗಾದ್ರ ಏನ್ ಹಾಕ್ಬೇಕು?
✔ ಲೂಸರ್ನ್ ಸೊಪ್ಪಿಗೆ ಕನ್ನಡದಾಗ ಕುದುರೆ ಮಸಾಲೆ ಅಂತನ ಹೆಸರು! ಅದು, ಮೆತ್ತನ ಹುಲ್ಲು, ಹಲ್ಲಿಲ್ಲದಿದ್ರ ನೀರಾಗ ನೆನಸಿದ ಮೇವು.
✔ 300 ಕಿಲೋ ತೂಕದ ಕುದ್ರಿಗೆ ದಿನಕ್ಕ ಒಣ ಲೆಕ್ಕದಾಗ 4.5ರಿಂದ 6 ಕಿಲೋ ಮೇವು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ.
✔ ಕಾಳು ಕಡಿಮಿ. ಕೊಟ್ರೂ ನೆನಸಿ ಅಥವಾ ಕುದಿಸಿ.
✔ ಸ್ವಚ್ಛ ನೀರು ಯಾವಾಗಲೂ ಮುಂದ ಇರಬೇಕು. ಜೊತಿಗೆ ಚೂರು ಉಪ್ಪು.
✔ ಹೊಸ ಮೇವಿಗೆ 7ರಿಂದ 10 ದಿನ ತಗೊಂಡು ನಿಧಾನಕ್ಕ ಬದಲಿಸ್ರಿ.
✘ ಬೂಷ್ಟು ಹಿಡಿದ ಮೇವು, ಮದುವಿ ಊಟದ ಉಳಿಕೆ ಬ್ಯಾಡವೇ ಬ್ಯಾಡ.

🐴 ಭಾಗ 5/5
"ಬಡ ಮಾಲೀಕ ಇಷ್ಟೆಲ್ಲ ಎಲ್ಲಿಂದ ತರ್ತಾನ?" ಸರಿಯಾದ ಪ್ರಶ್ನೆ. ಅದಕ್ಕ ಬೈಗುಳ ಅವಂಗ ಅಲ್ಲ, ನಮಗ. ಡಿಜೆಗೆ, ಪಟಾಕಿಗೆ ರೊಕ್ಕ ಸುರಿತೀವಿ, ಮದುಮಗನ್ನ ಹೊತ್ತ ಕುದ್ರಿಗೆ ಒಂದು ಹೊರೆ ಹುಲ್ಲು, ಒಂದು ಬಕೆಟ್ ನೀರು ಇಡಾಕ ನೆನಪಾಗೂದಿಲ್ಲ. ಬೆಲ್ಲದ ರೊಕ್ಕ ಮಾಲೀಕನ ಕೈಗೆ ಕೊಡ್ರಿ, ಮೇವು ಅಂವ ತರ್ತಾನ. ಸಾಕಷ್ಟು ಮೇವು ನೀರು ಕೊಡದಿರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಮಾಲೀಕನ್ನ ಹಿಡಿತದ, ಹಂಚಿಕೊಂಡು ಉಳಿಸೂದು ನಮ್ಮ ಕೈಯಾಗ ಅದ.

ಕುದ್ರಿ ಕಾಲಿಲೆ ನೆಲ ಕೆರೆದ್ರ, ಹೊಟ್ಟಿ ಕಡೆ ತಿರುಗಿ ತಿರುಗಿ ನೋಡಿದ್ರ, ಉರುಳಾಡಿದ್ರ, ಲದ್ದಿ ನಿಂತ್ರ ತಡ ಮಾಡಬ್ಯಾಡ್ರಿ. ಮೇವು ತೆಗೀರಿ, 1962ಕ್ಕ ಫೋನ್ ಹಚ್ಚರಿ. ಗೊಟ್ಟದಾಗ ಎಣ್ಣಿ, ಸೋಡಾ ಕುಡಿಸಬ್ಯಾಡ್ರಿ, ಪುಪ್ಪುಸಕ್ಕ ಹೋದ್ರ ಜೀವಾನೇ ಹೋಗ್ತದ. ಬೀದರದ ನಂದಿನಗರದಾಗ ಪಶುವೈದ್ಯ ವಿಶ್ವವಿದ್ಯಾಲಯನೇ ಅದ. ಅಷ್ಟು ಹತ್ತಿರ ಇದ್ದೂ ಕುದ್ರಿಯ ಹಲ್ಲು ತೋರಿಸದಿದ್ರ ಹೆಂಗ?

ಮುಂದಿನ ಮದುವಿಗಿ ಹೋಗೂ ದೋಸ್ತಗ ಇದನ್ನ ಈಗಲೇ ಕಳಸ್ರಿ. ಒಪ್ಪದಿದ್ರ ಕೆಳಗ ಬರೀರಿ, ಜಗಳಕ್ಕ ನಾ ತಯಾರ್ ಇದ್ದೀನಿ.

#ಮಾಣಿಕನಗರ #ಹುಮನಾಬಾದ #ಬಸವಕಲ್ಯಾಣ #ಬೆಲ್ಲಬ್ಯಾಡಹುಲ್ಲುಕೊಡ್ರಿ