ಟೊಳ್ಳು ಗೋಡೆಗೆ ಭಾರ ಹೊರಿಸಬ್ಯಾಡಿ

ಅಕ್ಕಂದಿರೇ, ತಂಗೀರೇ, ಈ ಸಲ ಅಡುಗೆ ವಿಷಯ ಅಲ್ಲ, ಜಗಳದ ವಿಷಯ. ಜಿಪ್ಸಂ ಬೋರ್ಡಿನ ಗೋಡೆಗೆ ನಾಕು ಸ್ಕ್ರೂ ತಿರುವಿ, "ಏನೂ ಆಗಲ್ಲಮ್ಮ, ಧೈರ್ಯವಾಗಿರಿ" ಅಂತ ಹೇಳಿ ಕಾಸು ಇಸ್ಕೊಂಡು ಹೋಗ್ತಾರಲ್ಲ, ಅವರ ಮ್ಯಾಲೆ ನನ್ನ ಜಗಳ. ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಅದೇ ಟಿವಿ ಕೆಳಗೆ ಮಗೂಗೆ ಹಾಸಿಗೆ ಹಾಸೋ ಮನೆಯೋರ ಮ್ಯಾಲೂ ಐತೆ.

ಬೋರ್ಡಿನ ಗೋಡೇನೇ ಬ್ಯಾಡ ಅಂತ ನಾನು ಹೇಳ್ತಿಲ್ಲ. ನಮ್ಮ ಚಾಂಪಿಯನ್ ರೀಫ್ಸಿನ ಲೈನ್ ಮನೆಗಳ ಅಳತೆ ನಿಮಗೆ ಗೊತ್ತಿಲ್ವಾ? ಸೊಸೆ ಬಂದ್ಲು, ಮಗಳು ಓದ್ಬೇಕು ಅಂದ್ರೆ ಇರೋ ಕೋಣೇನೇ ಎರಡು ಮಾಡ್ಬೇಕು. ಇಟ್ಟಿಗೆ ಇಟ್ಟು ಗಾರೆ ಮಾಡಿಸಿದ್ರೆ ಐದಾರು ಇಂಚು ಅದಕ್ಕೇ ಹೋಗ್ತದೆ. ಬೋರ್ಡಾದ್ರೆ ಮೂರು ಇಂಚಿಗೆ ಮುಗೀತದೆ, ನೀರು ಸಿಮೆಂಟಿನ ರೊಚ್ಚೆ ಇಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡಾಡಿ ಸಾಕಾಗಿ ಅಲ್ಲೇ ಬಾಡಿಗೆ ಮನೆ ಹಿಡಿದ ನಮ್ಮ ಮಕ್ಕಳಿಗೂ ಎಷ್ಟೋ ಕಡೆ ಇಂಥಾದ್ದೇ ಗೋಡೆ ಸಿಗ್ತದೆ. ಇರ್ಲಿ. ಮರೆಗೆ ಅಂತ ಕಟ್ಟಿದ ಗೋಡೆ ಮರೆ ಕೊಡ್ಲಿ. ಅದರ ಕೈಲಿ ಕೂಲಿ ಕೆಲಸ ಯಾಕೆ ಮಾಡಿಸ್ತೀರಾ?

ಆ ಗೋಡೆ ಒಳಗೆ ಏನೈತೆ ಅಂತ ವಸಿ ತಿಳ್ಕೊಳ್ಳಿ. ಎರಡು ದಪ್ಪ ಕಾಗದದ ನಡುವೆ ಜಿಪ್ಸಂ ಹಿಟ್ಟು ಗಟ್ಟಿ ಮಾಡಿದ ಹಲಗೆ. ಸಾಮಾನ್ಯವಾಗಿ 12.5 ಮಿಲಿಮೀಟರ್ ದಪ್ಪ, ಅಂದ್ರೆ ಅರ್ಧ ಇಂಚು. ಅದರ ಹಿಂದೆ ಗಾಳಿ. ಎರಡಡಿಗೊಂದೋ, 16 ಇಂಚಿಗೊಂದೋ ತೆಳ್ಳಗಿನ ತಗಡಿನ ಚಾನೆಲ್ ನಿಲ್ಲಿಸಿ, ಅದಕ್ಕೆ ಬೋರ್ಡ್ ಬಿಗಿದಿರ್ತಾರೆ. ಗೋಡೆ ನಿಂತಿರೋದು ಆ ಚಾನೆಲ್ ಮ್ಯಾಲೆ. ನಮ್ಮ ಕಣ್ಣಿಗೆ ಕಾಣೋ ಬಿಳೀ ಬೋರ್ಡು ಸೀರೆ ಇದ್ದಂಗೆ, ಮೈ ಮುಚ್ತದೆ, ಹೊರೆ ಹೊರಲ್ಲ.

ಅಂಗಡೀಲಿ ಗಿಟ್ಟಿ ಅಂತ ಕೊಡ್ತಾರಲ್ಲ, ಆ ಪ್ಲಾಸ್ಟಿಕ್ ಪ್ಲಗ್ಗು, ಅದು ಇಟ್ಟಿಗೆ ಕಾಂಕ್ರೀಟಿಗೆ ಮಾಡಿದ್ದು. ಸ್ಕ್ರೂ ಒಳಗೆ ಹೋದಂಗೆಲ್ಲ ಗಿಟ್ಟಿ ಉಬ್ಬಿ, ಸುತ್ತ ಇರೋ ಗಟ್ಟಿ ಗೋಡೇನ ಒತ್ತಿ ಹಿಡ್ಕೊಳ್ತದೆ. ಬೋರ್ಡಲ್ಲಿ ಒತ್ತೋಕೆ ಗಟ್ಟಿ ಎಲ್ಲೈತೆ? ಅರ್ಧ ಇಂಚು ಹಿಟ್ಟು. ಇವತ್ತು ಬಿಗಿಯಾಗೇ ಕಾಣ್ತದೆ. ಬಾಗಿಲು ಹಾಕಿದಾಗ, ಪಾತ್ರೆ ತೆಗೆದಾಗ ಇಟ್ಟಾಗ ಅಲ್ಲಾಡಿ ಅಲ್ಲಾಡಿ ತೂತು ಅಗಲ ಆಗ್ತದೆ. ಆರು ತಿಂಗಳಿಂದ ನಿಂತೈತೆ ಅನ್ನೋದು ಧೈರ್ಯದ ಮಾತಲ್ಲ ಕಣಮ್ಮಾ, ಆರು ತಿಂಗಳಿಂದ ಸಡಿಲ ಆಗ್ತಾ ಐತೆ ಅಂತಲೂ ಅದಕ್ಕೆ ಅರ್ಥ ಇರ್ಬೌದು.

ಇನ್ನ ತೂಕದ ವಿಷಯ. "ಟಿವಿ ಹತ್ತು ಕೆಜಿ ಒಳಗೇ ಐತೆ, ಏನು ಮಹಾ" ಅಂತಾರೆ. ತುಂಬಿದ ಬಿಂದಿಗೇನ ಸೊಂಟದ ಮ್ಯಾಲೆ ಇಟ್ಕೊಂಡು ಬೋರ್‌ವೆಲ್ಲಿಂದ ಮನೆಗೆ ತಂದೋರು ನೀವು. ಅದೇ ಬಿಂದಿಗೇನ ಕೈ ಮುಂದಕ್ಕೆ ಚಾಚಿ ಹಿಡೀರಿ ನೋಡೋಣ, ಎಷ್ಟು ಹೊತ್ತು ಹಿಡೀತೀರಾ? ಬಿಂದಿಗೆ ಅದೇ, ನೀರು ಅದೇ, ಭುಜ ಮಾತ್ರ ಕಿತ್ತು ಬರ್ತದೆ. ಗೋಡೆಗೂ ಹಂಗೇ. ಫೋಟೋ ಗೋಡೆಗೆ ಅಂಟ್ಕೊಂಡು ಕೂತಿರ್ತದೆ, ಭಾರ ನೇರ ಕೆಳಕ್ಕೆ. ಒಂದಡಿ ಮುಂದಕ್ಕೆ ಚಾಚಿದ ಪಾತ್ರೆ ಸ್ಟ್ಯಾಂಡು, ಅತ್ಲಾಗೆ ಇತ್ಲಾಗೆ ತಿರುಗೋ ಟಿವಿ ಕೈ, ಇವು ಮೇಲಿನ ಸ್ಕ್ರೂನ ಹೊರಕ್ಕೆ ಕೀಳ್ತವೆ.

ಗೀಸರಿನ ಲೆಕ್ಕ ಇನ್ನೂ ಭಯ. 15 ಲೀಟರಿನ ಗೀಸರ್ ಅಂದ್ರೆ ನೀರೇ 15 ಕೆಜಿ, ಮ್ಯಾಲೆ ಅದರ ತೊಟ್ಟಿ, ಮೈ ತೂಕ ಬೇರೆ. 25 ಲೀಟರಾದ್ರೆ ನೀರೇ 25 ಕೆಜಿ. ಖಾಲಿ ಇದ್ದಾಗ ಎತ್ತಿ ನೋಡಿ "ಹಗುರ ಐತೆ" ಅನ್ನೋನ ಮಾತು ಕೇಳ್ಬ್ಯಾಡಿ. ಒದ್ದೆ ಆದ್ರೆ ಜಿಪ್ಸಂ ಮೆತ್ತಗಾಗ್ತದೆ. ಬಚ್ಚಲಿಗೆ ಅಂತ ಹಸಿರು ಬೋರ್ಡ್ ಬರ್ತದೆ, ಅದು ತೇವ ತಡ್ಕೊಳ್ತದೆ ಅಷ್ಟೆ, ಗೀಸರ್ ಹೊರೋಕಲ್ಲ. ಬಿದ್ರೆ ಬರೀ ತೂಕ ಬೀಳಲ್ಲ, ಕುದಿಯೋ ನೀರು, ಕರೆಂಟು ಎರಡೂ ಬರ್ತವೆ.

ಬೆಂಗಳೂರಲ್ಲಿರೋ ನಮ್ಮ ನೆಂಟರ ಹುಡುಗಿ ಮನೇಲಿ ಸ್ಟೀಲ್ ಪಾತ್ರೆ ಸ್ಟ್ಯಾಂಡು ರಾತ್ರಿ ಹೊತ್ತು ಕಿತ್ಕೊಂಡು ಬಿತ್ತು. ಬೋರ್ಡಿನ ಒಂದು ತುಂಡೂ ಜೊತೆಗೇ ಬಂದಿತ್ತು. ಹಗಲಾಗಿದ್ರೆ ಅಲ್ಲೇ ಕೆಳಗೆ ಮಗು ಆಡ್ತಿರ್ತದೆ. "ಪುಣ್ಯ ದೊಡ್ದು" ಅಂದ್ರು ಎಲ್ರೂ. ಪುಣ್ಯಾನ ಸ್ಕ್ರೂ ಮಾಡ್ಕೊಂಡು ಗೋಡೆಗೆ ಹೊಡೀತೀರಾ?

ನಮ್ಮೂರಿನ ಹಳಬರಿಗೆ ಈ ಬುದ್ಧಿ ಇತ್ತು. ಗಣಿ ಕೆಲಸದೋರ ಮನೆಗಳು ಮೊದಲು ಬಿದಿರು ತಟ್ಟಿ ಮನೆಗಳು. ಅದೂ ಟೊಳ್ಳು ಗೋಡೇನೇ. ತಟ್ಟಿಗೆ ಯಾರಾದ್ರೂ ಹಿತ್ತಾಳೆ ಹಂಡೆ ನೇತಾಕ್ತಾರಾ? ಭಾರದ್ದು ನೆಲದ ಮ್ಯಾಲೆ, ನೇತಾಕೋದು ಮ್ಯಾಲಿನ ತೊಲೆಗೆ. ಗಣಿ ಆಳದಲ್ಲಿ ಬಂಡೆ ಸಿಡಿದ್ರೆ ಮ್ಯಾಲೆ ಮನೆ ನಡುಗಿ ಪಾತ್ರೆ ಸದ್ದಾಗ್ತಿತ್ತು ಅಂತ ನಮ್ಮ ಅತ್ತೆ ಕಾಲದೋರು ಹೇಳ್ತಿದ್ರು. ಚಾಂಪಿಯನ್ ಗಣಿ 3 ಕಿಲೋಮೀಟರಿಗೂ ಆಳ. ಅದಿರು ತೆಗೆದ ಜಾಗಕ್ಕೆ ಮರದ ದಿಮ್ಮಿ, ಗ್ರಾನೈಟ್ ಕಲ್ಲಿನ ಕಟ್ಟು ಕೊಟ್ಟು ಆಸರೆ ಮಾಡ್ತಿದ್ರು. ಗಣಿ ಕೆಲಸದಲ್ಲಿ ತಲೆ ಮ್ಯಾಲಿನ ಬಂಡೇನ ಸಲಾಕೆಯಿಂದ ತಟ್ಟಿ, ಸದ್ದು ಕೇಳಿ, ಗಟ್ಟಿಯಾ ಟೊಳ್ಳಾ ಅಂತ ನೋಡಿದ ಮ್ಯಾಲೇನೇ ಕೆಳಗೆ ನಿಲ್ಲೋದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ತಟ್ಟಿ ನೋಡೋ ಬುದ್ಧೀನೂ ಅದರ ಜೊತೆ ಮುಚ್ಬೇಕಾ?

"ಪ್ಯಾಕೆಟ್ ಮ್ಯಾಲೆ 30 ಕೆಜಿ ಅಂತ ಬರೆದೈತೆ" ಅಂತ ಫಿಟ್ಟರ್ ವಾದ ಮಾಡ್ತಾನೆ. ಯಾವ ದಪ್ಪದ ಬೋರ್ಡಿಗೆ, ಯಾವ ಕಡೆ ಎಳೆತಕ್ಕೆ ಅಂತ ಕೇಳಿ. ಎಷ್ಟೋ ಸಲ ಅದು ಕಿತ್ತು ಬರೋ ಹೊತ್ತಿನ ತೂಕ. ಅದರಲ್ಲಿ ಕಾಲು ಭಾಗ ಮಾತ್ರ ನಂಬಿ. ಬೋರ್ಡಿನ ಹಿಂದೆ ಹೋಗಿ ಕೊಡೆ ಬಿಚ್ಚಿದಂಗೆ ಬಿಚ್ಚೋ ಟಾಗಲ್ ಬೋಲ್ಟ್ ಸಿಗ್ತದೆ, ಅದು ಭಾರಾನ ವಸಿ ಹರಡ್ತದೆ. ಕನ್ನಡಿಗೆ, ಸಣ್ಣ ಹಲಗೆಗೆ ಸರಿ. ಗೀಸರಿಗಲ್ಲ, ಅಕ್ಕಿ ಬೇಳೆ ಡಬ್ಬ ತುಂಬಿದ ಕಪಾಟಿಗಲ್ಲ.

"ನೆಲದಲ್ಲಿ ಜಾಗ ಇಲ್ವಲ್ಲಕ್ಕ" ಅಂತೀರಾ. ಈ ಮಾತು ನ್ಯಾಯ, ಇದಕ್ಕೆ ಉತ್ತರ ಕೊಡ್ಲೇಬೇಕು. ಎತ್ತರದ ಕಾಲಿನ ಸ್ಟ್ಯಾಂಡ್ ತಗೊಳ್ಳಿ, ಒಂದಡಿ ಜಾಗದಲ್ಲಿ ತಾರಸಿವರೆಗೂ ಸಾಮಾನು ಹಿಡೀತದೆ. ಭಾರ ನೆಲಕ್ಕೆ ಹೋಗ್ತದೆ. ಮುಂದಕ್ಕೆ ಮಗುಚ್ಕೊಳ್ದೇ ಇರ್ಲಿ ಅಂತ ಮ್ಯಾಲಿನ ತುದೀನ ಚಾನೆಲ್ಲಿಗೆ ಬಿಗೀರಿ. ಗೀಸರು, ದೊಡ್ಡ ಕಪಾಟು ಮನೆಯ ಇಟ್ಟಿಗೆ ಗೋಡೆಗೇ ಇರ್ಲಿ. ಗ್ರೈಂಡರ್ ನೆಲದ ಮ್ಯಾಲೇ ಇರ್ಲಿ, ನಡುಗೋ ಸಾಮಾನಿಗೂ ಟೊಳ್ಳು ಗೋಡೆಗೂ ಆಗಿಬರಲ್ಲ.

ಇನ್ನೂ ಬೋರ್ಡ್ ಹಾಕ್ಸಿಲ್ಲ ಅನ್ನೋರಿಗೆ ಒಂದು ಮಾತು. ಟಿವಿ ಎಲ್ಲಿ, ದೇವರ ಮಂಟಪ ಎಲ್ಲಿ ಅಂತ ಮೊದಲೇ ಹೇಳಿ. ಅಲ್ಲಿ ಚಾನೆಲ್ಲಿಂದ ಚಾನೆಲ್ಲಿಗೆ 18 ಮಿಲಿಮೀಟರ್ ಪ್ಲೈವುಡ್ ಬಿಗಿಸಿ, ಆಮೇಲೆ ಬೋರ್ಡ್ ಮುಚ್ಚಿಸಿ. ಮುಚ್ಚೋ ಮೊದಲು ಅಳತೆ ಟೇಪ್ ಹಿಡಿದು ಮೊಬೈಲಲ್ಲಿ ಫೋಟೋ ತೆಗೀರಿ, ವೈರು ಪೈಪೂ ಕಾಣೋ ಹಂಗೆ. ಈ ಪ್ಲೈವುಡ್ಡಿನ ಕಾಸು ಉಳಿಸೋಕೆ ಹೋಗಿ ಟಿವೀನೇ ಕಳ್ಕೊಳ್ಳೋದು ಯಾವ ಉಳಿತಾಯ?

ಆಗ್ಲೇ ಹಾಕ್ಸಿರೋರು ಬೆರಳ ಗೆಣ್ಣಿಂದ ಗೋಡೆ ತಟ್ಟಿ. ಡಬಡಬ ಅಂದ್ರೆ ಟೊಳ್ಳು, ಸದ್ದು ಬಿಗಿಯಾದ ಕಡೆ ಚಾನೆಲ್. ಅನುಮಾನ ಇದ್ರೆ ಫ್ರಿಜ್ಜಿನ ಅಯಸ್ಕಾಂತದ ಬೊಂಬೆ ತಂದು ಗೋಡೆ ಮ್ಯಾಲೆ ಮೆಲ್ಲಗೆ ಆಡಿಸಿ. ಬೋರ್ಡ್ ಬಿಗಿದ ಸ್ಕ್ರೂ ತಲೆ ಸಿಕ್ಕ ಕಡೆ ಹಿಡ್ಕೊಳ್ತದೆ. ಅದರ ಮ್ಯಾಲೆ ಕೆಳಗೆ ನೇರ ಗೆರೇಲಿ ಇನ್ನೆರಡು ಸಿಕ್ರೆ ಅದೇ ಚಾನೆಲ್, ಪೆನ್ಸಿಲ್ಲಲ್ಲಿ ಗುರುತು ಹಾಕಿ. ಅದೂ ತೆಳ್ಳಗಿನ ತಗಡೇ, ಒಂದೇ ಚಾನೆಲ್ಲಿಗೆ ಎಲ್ಲಾ ಭಾರ ಹಾಕ್ದೆ ಎರಡು ಚಾನೆಲ್ಲಿಗೆ ಹಲಗೆ ಅಡ್ಡ ಬಿಗಿಸಿ, ಟಿವೀನ ಆ ಹಲಗೆಗೆ, ಗೋಡೆಗೆ ಒತ್ಕೊಂಡು ಕೂರೋ ಹಂಗೆ ಹಾಕಿಸಿ. ಸ್ವಿಚ್ ಬೋರ್ಡಿನ ನೇರ ಮ್ಯಾಲೆ, ನೇರ ಕೆಳಗೆ ಡ್ರಿಲ್ ಬ್ಯಾಡ, ವೈರು ಅಲ್ಲೇ ಹೋಗಿರ್ತದೆ. ಮೇನ್ ಆಫ್ ಮಾಡಿಸಿ, ಬ್ಯಾಟರಿ ಡ್ರಿಲ್ಲಲ್ಲೇ ಕೆಲಸ ಆಗ್ಲಿ.

ಆಗ್ಲೇ ಏನಾದ್ರೂ ನೇತಾಡ್ತಿದ್ರೆ ಇವತ್ತೇ ನೋಡಿ. ಸ್ಕ್ರೂ ಸುತ್ತ ಬಿಳೀ ಪುಡಿ, ಕೂದಲೆಳೆ ಬಿರುಕು, ಸ್ಟ್ಯಾಂಡಿಗೂ ಗೋಡೆಗೂ ನಡುವೆ ಹೊಸ ಸಂದು, ಇವುಗಳಲ್ಲಿ ಒಂದು ಕಂಡ್ರೂ ಸಾಮಾನು ಇಳಿಸಿ. ಗೀಸರಾದ್ರೆ ಸ್ವಿಚ್ ಆಫ್ ಮಾಡಿ ದೂರ ನಿಂತು ತಿಳಿದೋರನ್ನ ಕರೀರಿ. ಅದೇ ತೂತಿಗೆ ದೊಡ್ಡ ಸ್ಕ್ರೂ ಹಾಕೋದು ರಿಪೇರಿ ಅಲ್ಲ.

"ಇದೆಲ್ಲಾ ಗಂಡಸರ ಕ್ಯಾಮೆ, ನಿನಗ್ಯಾಕೆ" ಅಂತಾರೆ ಕೆಲವರು. ಬಚ್ಚಲಲ್ಲಿ ಗೀಸರಿನ ಕೆಳಗೆ ಕೂತು ಮಗೂಗೆ ನೀರು ಹಾಕೋರು ಯಾರು? ಪಾತ್ರೆ ಸ್ಟ್ಯಾಂಡಿನ ಕೆಳಗೆ ದಿನಕ್ಕೆ ಮೂರು ಹೊತ್ತು ನಿಲ್ಲೋರು ಯಾರು? ಕೆಳಗೆ ನಿಲ್ಲೋರಿಗೆ ಕೇಳೋ ಹಕ್ಕೈತೆ. ಫಿಟ್ಟರ್ ಡ್ರಿಲ್ ತೆಗೆದ ತಕ್ಷಣ ಒಂದೇ ಮಾತು ಕೇಳಿ: "ಚಾನೆಲ್ ಎಲ್ಲೈತಪ್ಪಾ, ತೋರ್ಸು." ತೋರಿಸಿದ್ರೆ ಟೀ ಕೊಟ್ಟು ಕೆಲಸ ಮಾಡಿಸ್ಕೊಳ್ಳಿ. ತೋರಿಸೋಕೆ ಬರಲಿಲ್ಲ ಅಂದ್ರೆ ಡ್ರಿಲ್ ಚೀಲಕ್ಕೆ ಹಾಕ್ಕೊಂಡು ಹೋಗು ಅನ್ನಿ. ಟಿವಿ ಇನ್ನೊಂದು ವಾರ ಮೇಜಿನ ಮ್ಯಾಲೆ ಇದ್ರೆ ಯಾರ ಮಾನಾನೂ ಹೋಗಲ್ಲ.