ಸಂಬಳವಿಲ್ಲದ ವಸೂಲಿಗಾರ

೨೦೨೫ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ, ಬೇಕರಿ ಬೀಡಾ ಅಂಗಡಿಗಳವರಿಗೆ ನಾಲ್ಕು ವರ್ಷಗಳ ತೆರಿಗೆಯ ನೋಟೀಸು ಕಳಿಸಿದರು. ತರಕಾರಿಗೆ ತೆರಿಗೆಯೇ ಇಲ್ಲ. ಅದನ್ನು ಮಾರುವವರಿಗೂ ಹೋಯಿತು! ಹೆದರಿದ ವರ್ತಕರು 'ನಗದು ಮಾತ್ರ' ಎಂದು ಹಲಗೆ ತೂಗುಹಾಕಿದರು.

ಸರಕಿನ ವಹಿವಾಟು ವರ್ಷಕ್ಕೆ ೪೦ ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವೆಂಬುದು ನಿಜ. ಆದರೆ ಅದು ವಹಿವಾಟು, ಲಾಭವಲ್ಲ. ದಿನಕ್ಕೆ ಸುಮಾರು ಹನ್ನೊಂದು ಸಾವಿರದ ಮಾರಾಟವಾದರೆ ಸಾಕು.

ಈ ತೆರಿಗೆಯನ್ನು ತೆರುವವನು ಗಿರಾಕಿ, ಅಂದರೆ ಸಾಬೂನು ಕೊಳ್ಳುವ ಗಿರಣಿ ಕಾರ್ಮಿಕನೇ. ವರ್ತಕ ಸರ್ಕಾರದ ಸಂಬಳವಿಲ್ಲದ ವಸೂಲಿಗಾರ. ನೋಂದಣಿಯಿಲ್ಲದವನು ಗಿರಾಕಿಯಿಂದ ತೆರಿಗೆ ಎತ್ತಕೂಡದೆಂದು ಅದೇ ಕಾನೂನು ಹೇಳುತ್ತದೆ. ಎತ್ತದೇ ಇದ್ದ ತೆರಿಗೆಯ ಬಾಕಿಯನ್ನು ಆತ ಸ್ವಂತ ಗಂಟಿನಿಂದಲ್ಲದೆ ಎಲ್ಲಿಂದ ತರಬೇಕು? ನೋಂದಣಿ ಮಾಡಿಸಿದವರ ಹಳೆಯ ಬಾಕಿಯನ್ನು ಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ತಿಂಗಳೇ ಹೇಳಬೇಕಾಯಿತು.

ಒಂದೂವರೆ ಕೋಟಿಯೊಳಗಿನ ವರ್ತಕರಿಗೆ ರಾಜಿ ತೆರಿಗೆಯ ದಾರಿಯೂ ಉಂಟು: ಶೇಕಡಾ ಒಂದನ್ನು ತಾನೇ ಕಟ್ಟಬೇಕು, ಗಿರಾಕಿಯಿಂದ ಕೇಳುವಂತಿಲ್ಲ. ಹೊಸದಾಗಿ ಅಂಗಡಿ ತೆರೆದವನಿಗೆ ಇದನ್ನು ಹೇಳುವವರು ಯಾರು? ಇಲಾಖೆಯವರು ನೋಟೀಸಿಗೆ ಮೊದಲು ಸಂತೆಗೆ ಬಂದು, ಕನ್ನಡದಲ್ಲಿ ತಿಳಿಸಿ, ಅಲ್ಲಿಯೇ ನೋಂದಣಿ ಮಾಡಿಕೊಡಲಿ.