ಬಾಟ್ಲಿ ಹೋದ್ರ ಹೋಗ್ಲಿ, ಕಣ್ಣು ಉಳೀಲಿ

ಈಗ ಮನಿ-ಮನ್ಯಾಗ ಸೋಡಾ ಮಾಡೋ ಹುಚ್ಚು ಹತ್ತೇದ. ಮೊಬೈಲಿನಾಗ ನೋಡಿ ಹುಡುಗ್ರು ಸೇಬಿನ ರಸ ಹುಳಿ ಬರಿಸಿ ಸೈಡರ್ ಅಂತಾರ, ಅಲ್ಲ-ಸಕ್ಕರಿ-ನೀರು ಕೂಡಿಸಿ ಜಿಂಜರ್ ಸೋಡಾ ಅಂತಾರ. ಮಾಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ದ್ವಾಸಿ ಹಿಟ್ಟು ಹುಳಿ ಬರಸೋ ನಮಗ ಇದೇನು ಹೊಸಾದಲ್ಲ. ಆದ್ರ ಹಿಟ್ಟು ಹೆಚ್ಚು ಉಬ್ಬಿದ್ರ ಮುಚ್ಚಳಾ ಎತ್ತಿ ಹೊರಗ ಬರ್ತದ, ಕಟ್ಟಿ ಹೊಲಸಾಗ್ತದ, ಅಷ್ಟ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟ್ಲ್ಯಾಗ ಗ್ಯಾಸಿಗೆ ದಾರೀನ ಇಲ್ಲ. ಬಾಟ್ಲಿ ಒಡೀತದ.

ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಮೇ ತಿಂಗಳ ಬಿಸಿಲಿಗೆ ಮೂರು ಬಾಟ್ಲಿ ರಾತ್ರ್ಯಾಗ ಒಂದರ ಹಿಂದ ಒಂದು ಒಡದ್ವು. ಗಾಜಿನ ಚೂರು ಎದುರಿನ ಗ್ವಾಡಿ ಕ್ಯಾಲೆಂಡರಿನಾಗ ನಟ್ಟಿತ್ತು. ಹಗಲೊತ್ತು ಅದ ಜಾಗಾದಾಗ ಕೂಸು ಆಡ್ತಿತ್ತು.

ಲೆಕ್ಕಾ ಸಣ್ಣದು. ಯೀಸ್ಟ್ ಸಕ್ಕರಿ ತಿಂದು ಗ್ಯಾಸ್ ಬಿಡ್ತದ. ನಾಕು ಗ್ರಾಂ ಸಕ್ಕರಿ, ಅಂದ್ರ ಒಂದು ಚಹಾ ಚಮಚೆ, ಪೂರಾ ಹುಳಿತಂದ್ರ ಸುಮಾರು ಒಂದು ಲೀಟರ್ ಗ್ಯಾಸ್. ಸೇಬಿನ ರಸದಾಗ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರಿ ಇರ್ತದ. ಹುಳಿಯೋದು ಮುಗಿಯೂಕಿಂತ ಮೊದಲ ಬಾಟ್ಲಿಗೆ ತುಂಬಿ ಬಿಗಿ ಮಾಡಿದ್ರ ಏನಾಗ್ತದ, ನೀವ ಗುಣಿಸಿ ನೋಡ್ರಿ. 1872ರಾಗ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ತಗೊಂಡ ನಮ್ಮ ಗೋಲಿ ಸೋಡಾ ಬಾಟ್ಲಿ ಅಷ್ಟು ದಪ್ಪ ಗಾಜಿಂದು ಯಾಕಂದ್ರ ಅದು ಗ್ಯಾಸ್ ತಡಿಯೋ ಸಲುವಾಗಿ ಮಾಡಿದ್ದು. ಜಾಮಿನ ಬಾಟ್ಲಿ, ಸಾಸಿನ ಬಾಟ್ಲಿ ಅದಕ್ಕಲ್ಲ.

ಗ್ಯಾಸ್ ಹೆಚ್ಚಾಗೇದ ಅಂತ ಸಂಶಯ ಬಂದ್ರ ನಾವು ಹೆಣ್ಮಕ್ಕಳು ಮೊದಲ ಏನಂತೀವಿ? "ಅಯ್ಯ, ಇಷ್ಟು ಸಕ್ಕರಿ ಹಾಕೇವಿ, ಚೆಲ್ಲೂದು ಹೆಂಗ?" ಇದ ಬುದ್ಧಿ ಬಿಡಬೇಕು ಅನ್ನೂದು ನನ್ನ ಮಾತು. ಸಕ್ಕರಿ ಮತ್ತ ತರಬಹುದು.

ಮಕ್ಕಳನ್ನ ದೂರ ಕಳಸ್ರಿ. ಬಾಟ್ಲಿ ಅಲುಗಾಡಿಸಬ್ಯಾಡ್ರಿ. ಒಂದು ಆಗ್ಲೇ ಒಡದಿದ್ರ ಉಳದವನ್ನ ಮುಟ್ಟೂದ ಬ್ಯಾಡ, ದೂರದಿಂದ ದಪ್ಪ ಕಂಬಳಿ ಹೊಚ್ಚಿ, ಬಾಗ್ಲಾ ಹಾಕ್ರಿ. ಒಡದಿಲ್ಲಂದ್ರ ಕಣ್ಣು ಪೂರಾ ಮುಚ್ಚೋ ಕನ್ನಡಕಾ, ಕೈಗೆ ದಪ್ಪ ಗವುಸು ಹಾಕ್ಕೊಂಡು, ಬಾಟ್ಲಿಗೆ ದಪ್ಪ ಟಾವೆಲ್ ಸುತ್ತಿ ಫ್ರಿಜ್ಜಿನಾಗ ಇಡ್ರಿ. ಫ್ರೀಜರಿನಾಗ ಅಲ್ಲ, ಹೆಪ್ಪುಗಟ್ಟಿದ್ರ ಗಾಜು ಸೀಳ್ತದ. ಒಂದು ದಿವಸ ಥಣ್ಣಗಾದ್ರ ಗ್ಯಾಸು ನೀರಿನಾಗ ಕರಗಿ ಒತ್ತಡ ಇಳೀತದ. ಆಮ್ಯಾಲೆ ಹಿತ್ತಲದಾಗ, ಟಾವೆಲ್ ಬಿಚ್ಚದ, ಬಾಟ್ಲಿ ಬಾಯಿ ಮಾರಿ ಕಡೆ ಇಲ್ಲದ್ಹಂಗ ಹಿಡಿದು ಮುಚ್ಚಳಾ ಒಂದೀಟು ಸಡಿಲು ಮಾಡ್ರಿ. ಬುಸ್ ಅಂದ ಕೂಡ್ಲೆ ಬಿಗಿ ಮಾಡ್ರಿ, ತಡದು ಮತ್ತ ಸಡಿಲು ಮಾಡ್ರಿ. ಉಕ್ಕಿ ಚೆಲ್ಲಿದ್ರ ಚೆಲ್ಲಲಿ. ಉಳದದ್ದು ಫ್ರಿಜ್ಜಿನಾಗ ಇಟ್ಟು ಲಗೂನ ಮುಗಸ್ರಿ, ಸಕ್ಕರಿ ಉಳದ್ರ ಮತ್ತ ಗ್ಯಾಸ್ ತುಂಬತದ.

ಇದೆಲ್ಲಾ ಬರಬಾರದಂದ್ರ ಒಂದ ಉಪಾಯ. ಅನ್ನ ಬೆಂದದ ಇಲ್ಲ ಅಂತ ಒಂದ ಅಗಳ ಹಿಚುಕಿ ನೋಡ್ತೀವಲ್ಲ, ಹಂಗ ಪ್ರತಿಸಲ ಒಂದು ಖಾಲಿ ಪ್ಲಾಸ್ಟಿಕ್ ಸೋಡಾ ಬಾಟ್ಲ್ಯಾಗೂ ಅದ ರಸ ತುಂಬಿ, ಉಳದ ಬಾಟ್ಲಿ ಬಾಜೂಕ ಇಡ್ರಿ. ದಿನಾ ಹಿಚುಕಿ ನೋಡ್ರಿ. ಅದು ಗಟ್ಟಿ ಆದ ದಿನಾನ ಎಲ್ಲಾ ಬಾಟ್ಲಿ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನಾಗ ಜಾಗಾ ಇಲ್ಲಂದ್ರ ಅಷ್ಟು ಮಾಡಲೇಬ್ಯಾಡ್ರಿ.

ಬುಸ್ ಅಂತ ನೊರಿ ಬಂದ್ರ ಚಲೋ ಆಗೇದ ಅಂತ ಹುಡುಗ್ರು ಚಪ್ಪಾಳಿ ತಟ್ಟತಾರ. ನನ್ನ ಕೇಳಿದ್ರ, ಯಾರಿಗೂ ಏನೂ ಆಗದ ಕುಡದು ಮುಗಿಸಿದ್ದ ಚಲೋ ಸೋಡಾ.